ಎತ್ತಿಗೆ ಜ್ವರ, ಎಮ್ಮೆಗೆ ಬರೆ: ಹಳ್ಳಿಯ ಅನುದಾನದ ಬಗ್ಗೆ ಸಚಿವರಿಗೊಂದು ಬಹಿರಂಗ ಪತ್ರ

ಗೆ,
ಮಾನ್ಯ ಸಚಿವರು,
ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆ,
ಕರ್ನಾಟಕ ಸರ್ಕಾರ, ಬೆಂಗಳೂರು.

ದಿನಾಂಕ: ಡಿಸೆಂಬರ್ 2025

ವಿಷಯ: ಕೇಂದ್ರ ಹಣಕಾಸು ಆಯೋಗದ ಅನುದಾನ ಗ್ರಾಮ ಪಂಚಾಯಿತಿಗಳಿಗೂ ಮಹಿಳಾ ಒಕ್ಕೂಟಗಳಿಗೂ ಸಕಾಲದಲ್ಲಿ ತಲುಪುವ ಬಗ್ಗೆ.

ಮಾನ್ಯರೇ,

ನಾನು ತುಮಕೂರು ಜಿಲ್ಲೆಯ ಒಂದು ಗ್ರಾಮ ಪಂಚಾಯಿತಿ ಮಟ್ಟದ ಸಂಜೀವಿನಿ ಒಕ್ಕೂಟದಲ್ಲಿ ಎಂಬಿಕೆ, ಅಂದರೆ ಮುಖ್ಯ ಪುಸ್ತಕ ಬರಹಗಾರ್ತಿ. ನಮ್ಮ ವ್ಯಾಪ್ತಿಯ ಸ್ವಸಹಾಯ ಸಂಘಗಳ ಲೆಕ್ಕ, ಸಮುದಾಯ ಬಂಡವಾಳ ನಿಧಿಯ ಸಾಲ-ಮರುಪಾವತಿ, ಈಚಿನ ವರ್ಷಗಳಲ್ಲಿ ಕಸದ ಗಾಡಿಯ ಜಮಾ-ಖರ್ಚು, ಎಲ್ಲವನ್ನೂ ಬರೆಯುವವಳು ನಾನೇ. ಪಂಚಾಯಿತಿಯ ಹೆಸರನ್ನು ಇಲ್ಲಿ ಹಾಕಿಲ್ಲ. ಹಾಕಿದರೆ ನಾಳೆಯೇ ನಮ್ಮ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರಿಗೆ ನೋಟಿಸ್ ಹೋಗುತ್ತದೆ, ಅವರು ಒಂದು ಸಮಜಾಯಿಷಿ ಬರೆದು ಕಳಿಸುತ್ತಾರೆ, ಕಡತ ಮುಚ್ಚುತ್ತದೆ. ನಾನು ಹೇಳಬೇಕೆಂದಿರುವುದು ಪಿಡಿಒ ಕೈಯಲ್ಲೂ ಇಲ್ಲದ, ಅಧ್ಯಕ್ಷರ ಕೈಯಲ್ಲೂ ಇಲ್ಲದ ಸಂಗತಿ. ಅದು ನಿಮ್ಮ ಕೈಯಲ್ಲಿದೆ.

ಮೊದಲು ಕಸದ ಗಾಡಿಯ ಕಥೆ ಕೇಳಿ. ಸ್ವಚ್ಛ ಭಾರತ ಮಿಷನ್‌ನಲ್ಲಿ ಪಂಚಾಯಿತಿಗೊಂದು ಆಟೊ ಟಿಪ್ಪರ್ ಬಂತು, ಊರಾಚೆ ಗೋಮಾಳದ ಅಂಚಿನಲ್ಲಿ ಒಣಕಸ ವಿಂಗಡಿಸುವ ಶೆಡ್ ಎದ್ದಿತು. ಎರಡನ್ನೂ ನಡೆಸುವ ಹೊಣೆಯನ್ನು ಒಡಂಬಡಿಕೆ ಮಾಡಿ ನಮ್ಮ ಒಕ್ಕೂಟಕ್ಕೆ ವಹಿಸಿದರು. ಸಂಘದ ಒಬ್ಬ ಹೆಣ್ಣುಮಗಳು ತರಬೇತಿಗೆ ಹೋಗಿ, ಲೈಸೆನ್ಸ್ ಮಾಡಿಸಿಕೊಂಡು ಸ್ಟೇರಿಂಗ್ ಹಿಡಿದಳು. ಇನ್ನಿಬ್ಬರು ಹಿಂದೆ ನಿಂತು ಹಸಿಕಸ, ಒಣಕಸ ಬೇರೆ ಮಾಡಿ ಹಾಕಿಸಿಕೊಳ್ಳುತ್ತಾರೆ. ಮೊದಮೊದಲು ಊರ ಗಂಡಸರು ಜಗುಲಿ ಮೇಲೆ ಕೂತು ನೋಡಿ ನಕ್ಕರು, ಆಮೇಲೆ ಗಾಡಿ ಒಂದು ದಿನ ತಡವಾದರೆ ಅವರೇ ಫೋನ್ ಮಾಡತೊಡಗಿದರು. ಇದು ನಿಮ್ಮ ಇಲಾಖೆ ವೇದಿಕೆಗಳಲ್ಲಿ ಹೆಮ್ಮೆಯಿಂದ ಹೇಳಿಕೊಳ್ಳುವ ಕೆಲಸ. ಹೇಳಿಕೊಳ್ಳಿ, ನಮಗೂ ಹೆಮ್ಮೆಯೇ.

ಆದರೆ ಈ ಮೂವರ ಕೂಲಿಯನ್ನು ನಾನು ಬರೆದಿರುವ ಪುಟಗಳನ್ನು ತೆರೆದರೆ ಆ ಹೆಮ್ಮೆ ಇಳಿಯುತ್ತದೆ. ಮೊದಲ ವರ್ಷ 15ನೇ ಹಣಕಾಸು ಆಯೋಗದ (ಕೇಂದ್ರದ ಹಣದಲ್ಲಿ ರಾಜ್ಯಗಳಿಗೂ ಪಂಚಾಯಿತಿಗಳಿಗೂ ಎಷ್ಟು ಪಾಲು ಎಂದು ಶಿಫಾರಸು ಮಾಡುವ ಆಯೋಗ) ಅನುದಾನದ ನೈರ್ಮಲ್ಯದ ಬಾಬ್ತಿನಲ್ಲಿ ಹಣ ಬಂತು. ಮರುವರ್ಷ ಲೆಕ್ಕಪರಿಶೋಧನೆಯಲ್ಲಿ ಆಕ್ಷೇಪಣೆ ಎದ್ದಿತು: ಆಯೋಗದ ಅನುದಾನದಲ್ಲಿ ವೇತನ ಕೊಡುವಂತಿಲ್ಲ, ಇದು ವೇತನವಲ್ಲವೇ? ವೇತನವಲ್ಲ, ಒಡಂಬಡಿಕೆಯಂತೆ ಒಕ್ಕೂಟಕ್ಕೆ ಕೊಡುವ ನಿರ್ವಹಣಾ ವೆಚ್ಚ ಎಂದು ನಾವು ಬರೆದುಕೊಟ್ಟೆವು. ತಾಲ್ಲೂಕಿನಿಂದ ಜಿಲ್ಲೆಗೆ, ಜಿಲ್ಲೆಯಿಂದ ಮತ್ತೆ ತಾಲ್ಲೂಕಿಗೆ ಪತ್ರ ಓಡಾಡಿತು. ಅಷ್ಟು ತಿಂಗಳೂ ಕಾಲಂ ಖಾಲಿ. ಎದುರು ಪುಟದಲ್ಲಿ ಮಾತ್ರ ಡೀಸೆಲ್ ಬಾಕಿ ಬೆಳೆಯುತ್ತ ಹೋಗಿದೆ. (ಬಂಕಿನವರು ಸ್ವಚ್ಛ ಭಾರತದ ಹೆಸರಿಗೆ ಉದ್ರಿ ಕೊಡುವುದಿಲ್ಲ, ನಮ್ಮ ಒಕ್ಕೂಟದ ಅಧ್ಯಕ್ಷೆಯ ಮುಖ ನೋಡಿ ಕೊಡುತ್ತಾರೆ.) ಮನೆಗೆ ತಿಂಗಳಿಗೆ 30 ರೂಪಾಯಿ ಸೇವಾಶುಲ್ಕ ಕೇಳಲು ಹೋದರೆ ಜನ ಹೇಳುವುದು ಒಂದೇ: ‘ನಿಮಗೆ ದೆಲ್ಲಿಯಿಂದ ದುಡ್ಡು ಬರುತ್ತಲ್ಲಮ್ಮ, ನಮ್ಮನ್ಯಾಕೆ ಕೇಳ್ತೀರಾ?’

ಅವರ ಮಾತು ಪೂರ್ತಿ ಸುಳ್ಳಲ್ಲ. ದೆಲ್ಲಿಯಿಂದ ಬರುವ ಆ ದುಡ್ಡಿನ ದಾರಿಯನ್ನು ಕೂತು ಓದಲು ಶುರುಮಾಡಿದ್ದು ನಾನು ಆ ಮಾತು ಕೇಳಿದ ಮೇಲೆಯೇ. 15ನೇ ಹಣಕಾಸು ಆಯೋಗ 2021ರಿಂದ 2026ರವರೆಗೆ ದೇಶದ ಗ್ರಾಮೀಣ ಸ್ಥಳೀಯ ಸಂಸ್ಥೆಗಳಿಗೆಂದು ಶಿಫಾರಸು ಮಾಡಿದ್ದು 2,36,805 ಕೋಟಿ ರೂಪಾಯಿ. ಅದರಲ್ಲಿ ಶೇ 60 ನಿರ್ಬಂಧಿತ: ಅರ್ಧ ಕುಡಿಯುವ ನೀರಿಗೆ, ಅರ್ಧ ನೈರ್ಮಲ್ಯಕ್ಕೆ. ಉಳಿದ ಶೇ 40 ಮುಕ್ತ. ಸಂವಿಧಾನದ 11ನೇ ಅನುಸೂಚಿಯ 29 ವಿಷಯಗಳಲ್ಲಿ ಊರಿಗೆ ಯಾವುದು ಬೇಕೋ ಅದಕ್ಕೆ ಬಳಸಬಹುದು, ಸಂಬಳ ಮತ್ತು ಕಚೇರಿ ಖರ್ಚಿಗೆ ಮಾತ್ರ ಕೂಡದು. ರಾಜ್ಯಗಳಿಗೆ ಇದನ್ನು ಹಂಚುವ ಲೆಕ್ಕವೂ ಸರಳ. 2011ರ ಜನಗಣತಿಯ ತಲೆ ಎಣಿಕೆಗೆ ಶೇ 90, ವಿಸ್ತೀರ್ಣಕ್ಕೆ ಶೇ 10. ಅಂದರೆ ನಮ್ಮ ಚಾಲಕಿ, ಅವಳ ಅತ್ತೆ, ಬಂಕಿನ ಹುಡುಗ, ಎಲ್ಲರ ತಲೆಯ ಮೇಲೂ ಒಂದಿಷ್ಟು ಹಣ ಬರೆದಿದೆ. ಇದು ಯಾರೋ ದಯೆತೋರಿ ಕೊಟ್ಟದ್ದಲ್ಲ. ಸಂವಿಧಾನದ 280ನೇ ವಿಧಿಯಲ್ಲೇ ಪಂಚಾಯಿತಿಗಳ ಸಂಪನ್ಮೂಲಕ್ಕೆ ಬಲ ತುಂಬುವ ಮಾತಿದೆ.

ಇಷ್ಟಿದ್ದೂ ಹಣ ಯಾಕೆ ತಡವಾಗುತ್ತದೆ, ಯಾಕೆ ಕಡಿಮೆಯಾಗುತ್ತದೆ? ಅನುದಾನಕ್ಕೆ ಷರತ್ತುಗಳಿವೆ. ಲೆಕ್ಕಪತ್ರ ಆನ್‌ಲೈನ್‌ನಲ್ಲಿರಬೇಕು, ಆಡಿಟ್ ಆಗಿರಬೇಕು, ಚುನಾಯಿತ ಸಂಸ್ಥೆ ಅಸ್ತಿತ್ವದಲ್ಲಿರಬೇಕು, ರಾಜ್ಯದ ಹಣದಲ್ಲಿ ಸ್ಥಳೀಯ ಸಂಸ್ಥೆಗಳ ಪಾಲು ಎಷ್ಟೆಂದು ಸೂಚಿಸುವ ರಾಜ್ಯ ಹಣಕಾಸು ಆಯೋಗ ರಚನೆಯಾಗಿ ಅದರ ವರದಿಯ ಮೇಲೆ ಸರ್ಕಾರ ಕ್ರಮ ಕೈಗೊಂಡಿರಬೇಕು. ಷರತ್ತುಗಳ ಮೇಲೆ ನನಗೆ ಸಿಟ್ಟಿಲ್ಲ. ಲೆಕ್ಕ ಬರೆಯುವವಳು ಲೆಕ್ಕ ಕೇಳಬೇಡಿ ಎನ್ನುವುದಿಲ್ಲ. ಆದರೆ ಈ ಪಟ್ಟಿಯಲ್ಲಿ ಪಂಚಾಯಿತಿ ಪಾಲಿಸಬಹುದಾದದ್ದು ಮೊದಲ ಎರಡು ಮಾತ್ರ. ಚುನಾವಣೆ ನಡೆಸುವುದು ನಮ್ಮ ಕೈಯಲ್ಲಿಲ್ಲ. ರಾಜ್ಯ ಹಣಕಾಸು ಆಯೋಗ ನೇಮಿಸುವುದು ನಮ್ಮ ಕೈಯಲ್ಲಿಲ್ಲ. ಆ ಕೆಲಸಗಳು ಬೆಂಗಳೂರಿನಲ್ಲಿ ಆಗದಿದ್ದರೆ ಕಂತು ನಿಲ್ಲುವುದು ಮಾತ್ರ ಹಳ್ಳಿಯಲ್ಲಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎನ್ನುವುದು ಇದಕ್ಕೇ.

ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗಳ ವಿಷಯ ತೆಗೆದುಕೊಳ್ಳಿ. ನಮ್ಮ ರಾಜ್ಯದಲ್ಲಿ ಅವುಗಳಿಗೆ ಕೊನೆಯ ಚುನಾವಣೆ ನಡೆದದ್ದು 2016ರಲ್ಲಿ. ಅವಧಿ ಮುಗಿದದ್ದು 2021ರಲ್ಲಿ. ಅವಧಿ ಮುಗಿಯುವ ಮೊದಲೇ ಚುನಾವಣೆ ಮುಗಿದಿರಬೇಕು ಎಂದು ಸಂವಿಧಾನದ 243-ಇ ವಿಧಿ ಹೇಳುತ್ತದೆ. ಕ್ಷೇತ್ರ ಪುನರ್ವಿಂಗಡಣೆಯ ಅಧಿಕಾರವನ್ನು 2021ರಲ್ಲಿ ಚುನಾವಣಾ ಆಯೋಗದಿಂದ ತೆಗೆದು ಬೇರೊಂದು ಆಯೋಗಕ್ಕೆ ಕೊಡಲಾಯಿತು. ಆಮೇಲೆ ಮೀಸಲಾತಿ ಪಟ್ಟಿ, ಆಮೇಲೆ ಆಕ್ಷೇಪಣೆ, ಆಮೇಲೆ ಕೋರ್ಟು. ವಿಳಂಬಕ್ಕಾಗಿ ಹೈಕೋರ್ಟ್ 2022ರ ಡಿಸೆಂಬರ್‌ನಲ್ಲಿ ಸರ್ಕಾರಕ್ಕೆ 5 ಲಕ್ಷ ರೂಪಾಯಿ ದಂಡ ಹಾಕಿತು. ಆಗ ಇದ್ದದ್ದು ಒಂದು ಪಕ್ಷದ ಸರ್ಕಾರ, ಈಗಿರುವುದು ಇನ್ನೊಂದರದ್ದು. ಈ ಒಂದು ವಿಷಯದಲ್ಲಿ ಮಾತ್ರ ಎರಡಕ್ಕೂ ಎಂಥ ಒಮ್ಮತ!

14ನೇ ಆಯೋಗ ಗ್ರಾಮ ಪಂಚಾಯಿತಿಗಳಿಗಷ್ಟೇ ಹಣ ಕೊಟ್ಟಿತ್ತು. 15ನೆಯದು ಮೂರೂ ಹಂತಕ್ಕೆ ಪಾಲು ಇಟ್ಟಿತು: ಗ್ರಾಮಕ್ಕೆ ಶೇ 70ರಿಂದ 85, ತಾಲ್ಲೂಕಿಗೆ ಶೇ 10ರಿಂದ 25, ಜಿಲ್ಲೆಗೆ ಶೇ 5ರಿಂದ 15. ಗ್ರಾಮಕ್ಕೆ ಗರಿಷ್ಠವನ್ನೇ ಕೊಟ್ಟರೂ ನೂರಕ್ಕೆ 15 ರೂಪಾಯಿ ಮೇಲಿನ ಎರಡು ಹಂತಕ್ಕೆ ಸೇರಿದ್ದು. ಚುನಾಯಿತರಿಲ್ಲದ ಸಂಸ್ಥೆಗೆ ಕೇಂದ್ರ ಕಂತು ಬಿಡುವುದಿಲ್ಲ. ಆ ಹಣ ದೆಲ್ಲಿಯಲ್ಲೇ ಉಳಿಯಿತು.

ತಾಲ್ಲೂಕಿನ ಹಣ ಬಾರದಿದ್ದರೆ ಹಳ್ಳಿಗೇನು ಎಂದು ಕೇಳುವವರಿದ್ದಾರೆ. ನಮ್ಮ ಶೆಡ್‌ಗೆ ಬನ್ನಿ, ತೋರಿಸುತ್ತೇನೆ. ಬಾಟಲಿ, ರಟ್ಟು, ಕಬ್ಬಿಣ ಗುಜರಿಯವರು ಒಯ್ಯುತ್ತಾರೆ. ಗುಟ್ಕಾ ಪೊಟ್ಟಣ, ಹಾಲಿನ ಕವರ್, ಚಿಪ್ಸ್ ಪ್ಯಾಕೆಟ್, ಹರಿದ ಚಪ್ಪಲಿ ಯಾರಿಗೂ ಬೇಡ. ಅವನ್ನು ಮೂಟೆ ಕಟ್ಟಿ ಒಂದರ ಮೇಲೊಂದು ಪೇರಿಸಿ ಸೂರು ಮುಟ್ಟಿದೆ. ಮಳೆಗಾಲದಲ್ಲಿ ಅದರೊಳಗೆ ಹಾವು ಸೇರಿಕೊಳ್ಳುತ್ತದೆ, ಬೇಸಿಗೆಯಲ್ಲಿ ಯಾರೋ ಬೀಡಿ ಎಸೆದರೆ ಬೆಂಕಿ. ಈ ಕಸವನ್ನು ಒಂದು ಪಂಚಾಯಿತಿ ಒಂಟಿಯಾಗಿ ವಿಲೇವಾರಿ ಮಾಡಲಾರದು. ಉಡುಪಿ ಜಿಲ್ಲೆಯ ನಿಟ್ಟೆಯಲ್ಲಿ ಹಲವು ಪಂಚಾಯಿತಿಗಳ ಒಣಕಸಕ್ಕೆ ಒಂದೇ ಎಂಆರ್‌ಎಫ್ ಘಟಕ (ಒಣಕಸ ವಿಂಗಡಿಸಿ ಮರುಬಳಕೆಗೆ ಕಳಿಸುವ ದೊಡ್ಡ ಘಟಕ) ಮಾಡಿಕೊಂಡಿದ್ದಾರೆ. ಅಂಥದ್ದು ತಾಲ್ಲೂಕು, ಜಿಲ್ಲೆಯ ಮಟ್ಟದಲ್ಲಿ ಕೂತು ಮಾಡಬೇಕಾದ ಕೆಲಸ. ನಮ್ಮ ಕಡೆ ಅದನ್ನು ಯಾರ ಮುಂದೆ ಮಂಡಿಸಬೇಕು? ತಾಲ್ಲೂಕು ಪಂಚಾಯಿತಿಯಲ್ಲಿ ಸದಸ್ಯರಿಲ್ಲ, ಆಡಳಿತಾಧಿಕಾರಿ ಇದ್ದಾರೆ. ಅವರಿಗೆ ಇನ್ನೆಷ್ಟೋ ಹೊಣೆಗಳಿವೆ. ಅರ್ಜಿ ಕೊಟ್ಟರೆ ಸ್ವೀಕೃತಿ ಸಿಗುತ್ತದೆ.

ರಾಜ್ಯ ಹಣಕಾಸು ಆಯೋಗದ ವಿಷಯವೂ ಹೀಗೆಯೇ. ಐದು ವರ್ಷಕ್ಕೊಮ್ಮೆ ಅದನ್ನು ರಚಿಸಬೇಕು ಎಂದು ಸಂವಿಧಾನ ಹೇಳುತ್ತದೆ. ನಮ್ಮಲ್ಲಿ 4ನೆಯದು ರಚನೆಯಾದದ್ದು 2015ರಲ್ಲಿ, 5ನೆಯದು 2023ರಲ್ಲಿ. 2024ರ ಮಾರ್ಚ್ ಒಳಗೆ ಇದನ್ನೆಲ್ಲ ಪೂರೈಸದ ರಾಜ್ಯಗಳಿಗೆ ಸ್ಥಳೀಯ ಸಂಸ್ಥೆಗಳ ಅನುದಾನ ಇಲ್ಲ ಎಂದು ಕೇಂದ್ರ ಆಯೋಗ ಮೊದಲೇ ಗಡುವು ಹಾಕಿತ್ತು. ಗಡುವಿಗೆ ಕೆಲವೇ ತಿಂಗಳಿದ್ದಾಗ ನಾವು ಎಚ್ಚೆತ್ತೆವು.

ಇಲ್ಲಿ ಒಂದು ಮಾತು ಖಾರವಾಗಿ ಹೇಳುತ್ತೇನೆ, ಕ್ಷಮೆಯಿರಲಿ. ಕೇಂದ್ರ ತೆರಿಗೆಗಳ ಹಂಚಿಕೆಯಲ್ಲಿ ಕರ್ನಾಟಕದ ಪಾಲು 14ನೇ ಆಯೋಗದಲ್ಲಿದ್ದ ಶೇ 4.713ರಿಂದ 15ನೇ ಆಯೋಗದಲ್ಲಿ ಶೇ 3.647ಕ್ಕೆ ಇಳಿಯಿತು. ಆಯೋಗ ತನ್ನ ಮೊದಲ ವರದಿಯಲ್ಲಿ ಶಿಫಾರಸು ಮಾಡಿದ್ದ 5,495 ಕೋಟಿ ರೂಪಾಯಿ ವಿಶೇಷ ಅನುದಾನವೂ ಕೈಸೇರಲಿಲ್ಲ. 2024ರ ಫೆಬ್ರುವರಿಯಲ್ಲಿ ನಿಮ್ಮ ಸರ್ಕಾರವೇ ಜಂತರ್ ಮಂತರ್‌ಗೆ ಹೋಗಿ ‘ನಮ್ಮ ತೆರಿಗೆ, ನಮ್ಮ ಹಕ್ಕು’ ಎಂದು ಧರಣಿ ಕೂತಿತು. ಅಂದು ಟಿ.ವಿ. ಮುಂದೆ ಕೂತಿದ್ದ ನಮ್ಮ ಸಂಘದವರಿಗೆಲ್ಲ ಅದು ನ್ಯಾಯ ಅನ್ನಿಸಿತು. ನನಗೆ ಈಗಲೂ ಅನ್ನಿಸುತ್ತದೆ. ಆದರೆ ದೆಲ್ಲಿಯ ಮುಂದೆ ನೀವು ಇಟ್ಟ ವಾದವನ್ನು ಹಳ್ಳಿಯವರು ನಿಮ್ಮ ಮುಂದೆ ಇಟ್ಟರೆ ಅದರ ನ್ಯಾಯ ಕಡಿಮೆಯಾಗುತ್ತದೆಯೇ? ನಮಗೆ ಸೇರಬೇಕಾದದ್ದನ್ನು ಕೊಡಿ, ಬೇರೆಯವರ ಲೋಪಕ್ಕೆ ನಮ್ಮನ್ನು ದಂಡಿಸಬೇಡಿ, ಎಲ್ಲಿ ಖರ್ಚು ಮಾಡಬೇಕೆಂದು ನಾವೇ ತೀರ್ಮಾನಿಸುತ್ತೇವೆ. ರಾಜ್ಯ ಕೇಂದ್ರಕ್ಕೆ ಹೇಳುವುದೂ ಇದೇ, ಪಂಚಾಯಿತಿ ರಾಜ್ಯಕ್ಕೆ ಹೇಳುವುದೂ ಇದೇ.

ತೀರ್ಮಾನದ ಮಾತು ಬಂತು, ಗ್ರಾಮಸಭೆಯ ಬಗ್ಗೆ ಹೇಳಿಬಿಡುತ್ತೇನೆ. ಪ್ರತಿ ವರ್ಷ ಅಕ್ಟೋಬರ್ 2ರ ಹೊತ್ತಿಗೆ ಮುಂದಿನ ವರ್ಷದ ಅಭಿವೃದ್ಧಿ ಯೋಜನೆ ತಯಾರಿಸುವ ಅಭಿಯಾನ ಶುರುವಾಗುತ್ತದೆ. ಒಕ್ಕೂಟದ ಕಡೆಯಿಂದ ನಾವು ಮನೆಮನೆಯ ಬೇಡಿಕೆ ಬರೆದು ಗ್ರಾಮಸಭೆಗೆ ಒಪ್ಪಿಸುತ್ತೇವೆ, ಅದು ಪಂಚಾಯಿತಿಯ ಯೋಜನೆಯಲ್ಲಿ ಸೇರಬೇಕು. ನಮ್ಮದು ವಾರದ ಸಂತೆ ನಡೆಯುವ ಊರು. ಸುತ್ತಲ ಹಳ್ಳಿಗಳಿಂದ ಸೊಪ್ಪು, ತರಕಾರಿ, ವೀಳ್ಯದೆಲೆ ಹೊತ್ತು ತರುವ ಹೆಂಗಸರು ನಸುಕಿನಿಂದ ಸಂಜೆಯವರೆಗೆ ಕೂರುತ್ತಾರೆ. ಸಂತೆ ಮೈದಾನದಲ್ಲಿ ಒಂದು ಶೌಚಾಲಯವಿಲ್ಲ. ಹಾಗಾಗಿ ಅವರು ಬೆಳಗ್ಗೆಯಿಂದ ನೀರನ್ನೇ ಕುಡಿಯುವುದಿಲ್ಲ. ಮುಟ್ಟಿನ ದಿನ ಬಂದರೆ ಆ ವಾರದ ಸಂತೆಯನ್ನೇ ಬಿಡುತ್ತಾರೆ. ಸಂತೆಗೆ ನೀರಿನ ವ್ಯವಸ್ಥೆಯಿರುವ ಶೌಚಾಲಯ ಬೇಕು ಎಂದು ನಾವು ಸತತವಾಗಿ ಬರೆದುಕೊಡುತ್ತ ಬಂದಿದ್ದೇವೆ. ನೈರ್ಮಲ್ಯದ ಅನುದಾನಕ್ಕೆ ಇದಕ್ಕಿಂತ ನೇರವಾದ ಬಾಬ್ತು ಇನ್ನೊಂದಿದೆಯೇ? ಸಭೆಯಲ್ಲಿ ಎಲ್ಲರೂ ಒಪ್ಪಿದರು, ನಡಾವಳಿ ಪುಸ್ತಕದಲ್ಲೂ ಬರೆದರು. ಕ್ರಿಯಾಯೋಜನೆ ಅನುಮೋದನೆಯಾಗಿ ಬಂದಾಗ ಅದರಲ್ಲಿ ಚರಂಡಿ ಇತ್ತು, ಪೈಪ್‌ಲೈನ್ ದುರಸ್ತಿ ಇತ್ತು, ಹಳೇ ಕಾಮಗಾರಿಯ ಬಾಕಿ ಇತ್ತು. ಶೌಚಾಲಯ ಇರಲಿಲ್ಲ. ಕೇಳಿದ್ದಕ್ಕೆ, ಎರಡನೇ ಕಂತು ಬಂದಿಲ್ಲ, ಬಂದದ್ದರಲ್ಲಿ ಹಿಂದಿನ ಬಾಕಿ ತೀರಿಸಬೇಕು ಎಂದರು. ಆ ಕಂತು ಬರುವ ಹೊತ್ತಿಗೆ ಮಾರ್ಚ್. ಮಾರ್ಚ್‌ನಲ್ಲಿ ಬಂದ ಹಣವನ್ನು ಮಾರ್ಚ್‌ನಲ್ಲೇ ಖರ್ಚು ತೋರಿಸಬೇಕೆಂಬ ಒತ್ತಡದಲ್ಲಿ ಯಾವ ಬಿಲ್ಲು ಸಿದ್ಧವಿದೆಯೋ ಅದಕ್ಕೇ ಪಾವತಿ.

ಮುಕ್ತ ಅನುದಾನವೂ ಹೆಸರಿಗಷ್ಟೇ ಮುಕ್ತ. ಬೀದಿದೀಪ ಮತ್ತು ನೀರಿನ ಮೋಟಾರುಗಳ ಕರೆಂಟ್ ಬಿಲ್ಲು, ಕಂಪ್ಯೂಟರ್ ಸಾಮಗ್ರಿ, ಮೇಲಿನಿಂದ ಬರುವ ಸುತ್ತೋಲೆಯ ಖರೀದಿ, ಇಷ್ಟಾದ ಮೇಲೆ ಊರಿನವರು ತೀರ್ಮಾನಿಸಲು ಏನೂ ಉಳಿದಿರುವುದಿಲ್ಲ. ಗ್ರಾಮಸಭೆಗೆ ಜನ ಬರುವುದಿಲ್ಲ ಎಂದು ಅಧಿಕಾರಿಗಳು ಬೇಸರಪಡುತ್ತಾರೆ. ಯಾಕೆ ಬರಬೇಕು?

ಈಗ ಇನ್ನೊಂದು ತೊಂದರೆ ಎದುರಿಗೆ ನಿಂತಿದೆ, ನಾನು ಈ ಪತ್ರ ಬರೆಯಲು ಮುಖ್ಯ ಕಾರಣವೂ ಅದೇ. 2020ರ ಡಿಸೆಂಬರ್‌ನಲ್ಲಿ ಆಯ್ಕೆಯಾದ ಗ್ರಾಮ ಪಂಚಾಯಿತಿ ಸದಸ್ಯರ ಅವಧಿ ಹೊಸ ವರ್ಷದ ಮೊದಲ ತಿಂಗಳುಗಳಲ್ಲಿ ಮುಗಿಯುತ್ತದೆ. 15ನೇ ಆಯೋಗದ ಅವಧಿ 2026ರ ಮಾರ್ಚ್ 31ಕ್ಕೆ ಮುಗಿಯುತ್ತದೆ. ಏಪ್ರಿಲ್ 1ರಿಂದ 16ನೇ ಆಯೋಗದ ಐದು ವರ್ಷ ಶುರು. ಅದರ ವರದಿ ನವೆಂಬರ್‌ನಲ್ಲಿ ರಾಷ್ಟ್ರಪತಿಯವರ ಕೈಸೇರಿದೆ. ಹೊಸ ಆಯೋಗದ ಮೊದಲ ಕಂತು ಬರುವ ಹೊತ್ತಿಗೆ ನಮ್ಮ ಸುಮಾರು 6 ಸಾವಿರ ಗ್ರಾಮ ಪಂಚಾಯಿತಿಗಳಲ್ಲೂ ಆಡಳಿತಾಧಿಕಾರಿ ಕೂತಿದ್ದರೆ ಏನಾಗುತ್ತದೆ? ತಾಲ್ಲೂಕು, ಜಿಲ್ಲಾ ಪಂಚಾಯಿತಿಗಳಿಗೆ ಆದದ್ದು ಗ್ರಾಮಕ್ಕೂ ಆಗುತ್ತದೆ. ಅಲ್ಲಿ ನೂರಕ್ಕೆ 15, ಇಲ್ಲಿ ಮಿಕ್ಕ ಪೂರ್ತಿ.

ಹಣ ಬಂದರೂ ಕೈಗೆ ಸಿಗುವುದು ತಡ. ಪಂಚಾಯಿತಿ ಲೆಕ್ಕದ ಆನ್‌ಲೈನ್ ವ್ಯವಸ್ಥೆಯಾದ ಇ-ಗ್ರಾಮಸ್ವರಾಜ್‌ನಲ್ಲಿ ಪಾವತಿಗೆ ಪಿಡಿಒ ಮತ್ತು ಅಧ್ಯಕ್ಷರ ಡಿಜಿಟಲ್ ಸಹಿ ಬೇಕು. 2023ರಲ್ಲಿ ಎರಡೂವರೆ ವರ್ಷಕ್ಕೆ ಅಧ್ಯಕ್ಷರು ಬದಲಾದಾಗ ಹೊಸಬರ ಡೋಂಗಲ್ (ಡಿಜಿಟಲ್ ಸಹಿ ಹಾಕುವ ಪುಟ್ಟ ಸಾಧನ) ನೋಂದಣಿಯಾಗುವವರೆಗೆ ನಮ್ಮಲ್ಲಿ ಒಂದು ರೂಪಾಯಿ ಆಚೆ ಹೋಗಲಿಲ್ಲ. ಖಾತೆಯಲ್ಲಿ ಹಣವಿತ್ತು, ಶೆಡ್‌ನಲ್ಲಿ ಕೆಲಸ ನಡೆದಿತ್ತು, ಮಧ್ಯೆ ಒಂದು ಡೋಂಗಲ್. ಚುನಾವಣೆ ತಪ್ಪಿದರೆ ಮೊದಲು ಆಡಳಿತಾಧಿಕಾರಿಗೆ, ಆಮೇಲೆ ಹೊಸ ಅಧ್ಯಕ್ಷರಿಗೆ, ಹೀಗೆ ಇದು ಎರಡೆರಡು ಸಲ.

ನಮ್ಮ ಕೋರಿಕೆಗಳು ಇವು. ಗ್ರಾಮ, ತಾಲ್ಲೂಕು, ಜಿಲ್ಲಾ ಪಂಚಾಯಿತಿ ಮೂರಕ್ಕೂ ಚುನಾವಣೆಯ ದಿನಾಂಕ ಘೋಷಣೆಯಾಗುವಂತೆ ಮಾಡಿ. ಮೀಸಲಾತಿ ಪಟ್ಟಿ ಕೊಡಬೇಕಾದವರು ನೀವು, ಚುನಾವಣಾ ಆಯೋಗದ ಕಡೆ ಬೆರಳು ತೋರಿಸಬೇಡಿ. 1987ರಲ್ಲಿ, ಅಬ್ದುಲ್ ನಜೀರ್ ಸಾಬ್ ಅವರು ಈ ಇಲಾಖೆ ನೋಡಿಕೊಳ್ಳುತ್ತಿದ್ದಾಗ, ಪಂಚಾಯಿತಿಗಳ ಕುರಿತ ಸಂವಿಧಾನದ ತಿದ್ದುಪಡಿ ಬರುವ ಮೊದಲೇ, ಜಿಲ್ಲಾ ಪರಿಷತ್ ಚುನಾವಣೆ ನಡೆಸಿ ತೋರಿಸಿದ ರಾಜ್ಯ ಇದು. ಅವರ ಹೆಸರಿನ ತರಬೇತಿ ಸಂಸ್ಥೆ ಮೈಸೂರಿನಲ್ಲಿದೆ, ನಮ್ಮಂಥವರು ಅಲ್ಲಿನ ಪಾಠ ಕೇಳಿಕೊಂಡೇ ಬಂದವರು.

ಸರ್ಕಾರದ ಲೋಪದಿಂದ ಕೇಂದ್ರದ ಕಂತು ತಪ್ಪಿದರೆ ಅಷ್ಟು ಮೊತ್ತವನ್ನು ರಾಜ್ಯದ ಖಜಾನೆಯಿಂದ ಪಂಚಾಯಿತಿಗಳಿಗೆ ತುಂಬಿಕೊಡುವ ನಿಯಮ ತನ್ನಿ. ನಮ್ಮ ಮುಖ್ಯ ಬೇಡಿಕೆ ಇದೇ. ಹೀಗೊಂದು ನಿಯಮ ಬಂದರೆ ಚುನಾವಣೆ ತಡ ಮಾಡುವುದರ ಬೆಲೆ ಯಾರು ತಡ ಮಾಡುತ್ತಾರೋ ಅವರ ಬಜೆಟ್‌ನಲ್ಲೇ ಕಾಣುತ್ತದೆ. ಕೇಂದ್ರಕ್ಕೆ ಪತ್ರ ಬರೆಯುವಾಗಲೂ ಇದನ್ನು ಸೇರಿಸಿ: ಲೆಕ್ಕ ಕೊಡದ ಪಂಚಾಯಿತಿಗೆ ದಂಡ ಹಾಕಲಿ, ಚುನಾವಣೆ ನಡೆಸದ ಸರ್ಕಾರಕ್ಕೆ ಹಾಕಬೇಕಾದ ದಂಡವನ್ನು ಪಂಚಾಯಿತಿಗೆ ಹಾಕುವುದು ಬೇಡ.

ಕೇಂದ್ರದಿಂದ ಬಂದ ಹಣವನ್ನು ರಾಜ್ಯ 10 ಕೆಲಸದ ದಿನಗಳಲ್ಲಿ ಪಂಚಾಯಿತಿಗೆ ದಾಟಿಸಬೇಕು, ತಪ್ಪಿದರೆ ಬಡ್ಡಿ ಸಮೇತ ಕೊಡಬೇಕು ಎಂಬ ನಿಯಮ ಈಗಾಗಲೇ ಇದೆ. ಅದು ಪಾಲನೆಯಾಗಿದೆಯೋ ಇಲ್ಲವೋ ಊರಿನವರಿಗೆ ತಿಳಿಯುವ ದಾರಿ ಇಲ್ಲ. ಹಣ ದೆಲ್ಲಿಯಿಂದ ಹೊರಟ ದಿನ, ನಮ್ಮ ಖಾತೆಗೆ ಬಂದ ದಿನ, ಮೊತ್ತ, ಎಷ್ಟು ನೀರಿಗೆ, ಎಷ್ಟು ನೈರ್ಮಲ್ಯಕ್ಕೆ, ಎಷ್ಟು ಮುಕ್ತ ಎಂಬುದನ್ನು ಪಂಚಾಯಿತಿ ಕಚೇರಿಯ ಹೊರಗೋಡೆಯ ಮೇಲೆ ಕನ್ನಡದಲ್ಲಿ ಬರೆಸಿ. ಪೋರ್ಟಲ್‌ನಲ್ಲಿದೆ ಎನ್ನಬೇಡಿ. ಸಂತೆಗೆ ಬರುವ ಅಜ್ಜಿ ಪೋರ್ಟಲ್ ನೋಡುವುದಿಲ್ಲ, ಗೋಡೆ ನೋಡುತ್ತಾಳೆ, ಓದಲು ಬಾರದಿದ್ದರೆ ಮೊಮ್ಮಗನ ಕೈಲಿ ಓದಿಸುತ್ತಾಳೆ.

ಇನ್ನು ಒಕ್ಕೂಟಗಳ ವಿಷಯ. ಕಸ ನಿರ್ವಹಣೆಗೆ ಒಡಂಬಡಿಕೆಯಂತೆ ಒಕ್ಕೂಟಕ್ಕೆ ಕೊಡುವ ಹಣ ವೇತನವಲ್ಲ, ನೈರ್ಮಲ್ಯ ಸೇವೆಯ ವೆಚ್ಚ ಎಂದು ಒಂದೇ ಒಂದು ಸ್ಪಷ್ಟ ಆದೇಶ ಹೊರಡಿಸಿ, ಅದರ ಪ್ರತಿ ಲೆಕ್ಕಪರಿಶೋಧಕರಿಗೂ ಹೋಗಲಿ. ತಿಂಗಳಿಗೊಮ್ಮೆ ಪಾವತಿಯಾಗಲಿ. ಈ ಹೆಂಗಸರು ಸಂಘದಲ್ಲಿ ಸಾಲ ತೆಗೆದವರು, ಅವರ ಕಂತು ಪ್ರತಿ ತಿಂಗಳೂ ಕಟ್ಟಬೇಕು. ಪಂಚಾಯಿತಿಯ ಬಾಕಿ ಇದೆ ಎಂದರೆ ಬ್ಯಾಂಕ್ ಕೇಳುವುದಿಲ್ಲ, ಸಂಘವೂ ಕೇಳುವುದಿಲ್ಲ. ತಡವಾದ ತಿಂಗಳ ದಂಡವನ್ನು ಅವರ ಹೆಸರಿನ ಮುಂದೆ ಬರೆಯುವವಳು ನಾನೇ.

ನಮ್ಮ ಒಡಂಬಡಿಕೆ ಮಾರ್ಚ್ 31ಕ್ಕೆ ಮುಗಿಯುತ್ತದೆ. ನವೀಕರಿಸುವ ಪತ್ರದಲ್ಲಿ ಏಪ್ರಿಲ್‌ನಿಂದ ಯಾವ ಲೆಕ್ಕಶೀರ್ಷಿಕೆಯಲ್ಲಿ ಹಣ ಬರುತ್ತದೆ ಎಂದು ಬರೆಯಬೇಕು, ಸಹಿ ಯಾರು ಹಾಕುತ್ತಾರೆ ಎಂದೂ ಬರೆಯಬೇಕು. ಎರಡೂ ಜಾಗವನ್ನು ಸದ್ಯಕ್ಕೆ ಖಾಲಿ ಬಿಟ್ಟಿದ್ದೇನೆ. ಫೆಬ್ರುವರಿ ಮುಗಿಯುವುದರೊಳಗೆ ಆದೇಶ ಬಂದರೆ ಮಾರ್ಚ್‌ನ ಮಾಸಿಕ ಸಭೆಯಲ್ಲಿ ಇಟ್ಟು ಒಪ್ಪಿಗೆ ಪಡೆಯಬಹುದು. ದಯವಿಟ್ಟು ಅಷ್ಟರೊಳಗೆ ಕಳಿಸಿಕೊಡಿ.

ವಂದನೆಗಳೊಂದಿಗೆ,

ಇಂತಿ ತಮ್ಮ ವಿಶ್ವಾಸಿ,
ಮುಖ್ಯ ಪುಸ್ತಕ ಬರಹಗಾರ್ತಿ,
ಗ್ರಾಮ ಪಂಚಾಯಿತಿ ಮಟ್ಟದ ಸಂಜೀವಿನಿ ಒಕ್ಕೂಟ,
ತುಮಕೂರು ಜಿಲ್ಲೆ